ಮನೆ ಸೋಪಿಗೆ ಏನು ಹಾಕಬೇಕು, ಏನು ಬೇಡ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಸೋಪು ಮಾಡಲು ಹೊರಟವರು ಮೊದಲು ಕೇಳುವುದು ಹೂವು, ಬಣ್ಣ, ಪರಿಮಳದ ಬಗ್ಗೆ. ಎಣ್ಣೆಯ ಬಗ್ಗೆ ಕೇಳುವುದು ಕೊನೆಗೆ. ಇದು ತಿರುಗುಮುರುಗು ಆಗಬೇಕು. ಸೋಪಿನ ನೊರೆ, ಗಟ್ಟಿತನ, ಬಾಳಿಕೆ, ಚರ್ಮಕ್ಕೆ ಹಿತವೋ ಅಲ್ಲವೋ ಅನ್ನುವುದು, ಎಲ್ಲ ತೀರ್ಮಾನ ಆಗುವುದು ಎಣ್ಣೆ ಮತ್ತು ತಕ್ಕಡಿಯಲ್ಲಿ. ಹಾಗಾಗಿ ಇಲ್ಲಿ ಎಣ್ಣೆಗೇ ಜಾಗ ಜಾಸ್ತಿ ಕೊಟ್ಟಿದ್ದೇನೆ.

ಮೊದಲ ಸಲ ಮಾಡುವವರು ಯಾವ ಎಣ್ಣೆಯಿಂದ ಶುರು ಮಾಡಬೇಕು?

ತೆಂಗಿನೆಣ್ಣೆ. ನಮ್ಮೂರಲ್ಲಿ ತಾಜಾ ಸಿಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅದರೊಳಗೆ ಇರುವುದು. ತೆಂಗಿನೆಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ ಇದೆ. ದೊಡ್ಡ ದೊಡ್ಡ ಗುಳ್ಳೆಯ ನೊರೆ ಬರುವುದು ಇದರಿಂದಲೇ, ಸೋಪು ಗಟ್ಟಿ ಆಗುವುದೂ ಇದರಿಂದಲೇ. ಉಪ್ಪುನೀರಲ್ಲೂ ನೊರೆ ಕೊಡುವ ಸೋಪು ತೆಂಗಿನೆಣ್ಣೆಯದ್ದು. ಕಡಲ ಬದಿಯ ಬಾವಿಯಲ್ಲಿ ಬೇಸಿಗೆಗೆ ನೀರು ಸ್ವಲ್ಪ ಉಪ್ಪಾಗುತ್ತದಲ್ಲ, ಅಂಥ ಮನೆಯವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ಅನುಕೂಲ, ಈ ಎಣ್ಣೆ ಬೇಗ ಕಮಟುವುದಿಲ್ಲ. ಸೋಪು ತಿಂಗಳುಗಟ್ಟಲೆ ಇಡುವ ವಸ್ತು. ಎಣ್ಣೆ ಕಮಟಿದರೆ ಸೋಪೂ ಕಮಟುತ್ತದೆ.

ಹಾಗಾದರೆ ಬರೀ ತೆಂಗಿನೆಣ್ಣೆಯಲ್ಲೇ ಮಾಡಬಹುದಲ್ವಾ?

ಮಾಡಬಹುದು, ಆದರೆ ಲೆಕ್ಕ ಬೇರೆ. ತೆಂಗಿನೆಣ್ಣೆಯ ಸೋಪು ಕೊಳೆಯನ್ನು ಎಷ್ಟು ಚೆನ್ನಾಗಿ ತೆಗೆಯುತ್ತದೋ, ಚರ್ಮದ ಜಿಡ್ಡನ್ನೂ ಅಷ್ಟೇ ಚೆನ್ನಾಗಿ ತೆಗೆದುಬಿಡುತ್ತದೆ. ಸ್ನಾನ ಆದ ಮೇಲೆ ಕೈಕಾಲು ಬಿಗಿದ ಹಾಗೆ ಆಗುವುದು ಅದಕ್ಕೇ. ಅದನ್ನು ತಡೆಯಲು ಒಂದಷ್ಟು ಎಣ್ಣೆಯನ್ನು ಸೋಪಾಗಲು ಬಿಡದೆ ಹಾಗೇ ಉಳಿಸಬೇಕು. ಅಂದರೆ ಕಾಸ್ಟಿಕ್, ಎಣ್ಣೆಯನ್ನು ಸೋಪು ಮಾಡುವ ಕಾಸ್ಟಿಕ್ ಸೋಡಾ ಎಂಬ ಕ್ಷಾರ, ಕಡಿಮೆ ಹಾಕಬೇಕು. ಸಾಮಾನ್ಯ ಸೋಪಿಗೆ ಶೇಕಡಾ 5ರಷ್ಟು ಎಣ್ಣೆ ಉಳಿಸಿದರೆ ಸಾಕು, ಬರೀ ತೆಂಗಿನೆಣ್ಣೆಯದ್ದಕ್ಕೆ ಶೇಕಡಾ 20ರವರೆಗೆ ಉಳಿಸುತ್ತಾರೆ. 500 ಗ್ರಾಂ ತೆಂಗಿನೆಣ್ಣೆಯನ್ನು ಪೂರ್ತಿ ಸೋಪು ಮಾಡಲು 91.5 ಗ್ರಾಂ ಕಾಸ್ಟಿಕ್ ಬೇಕು. ಶೇಕಡಾ 20 ಎಣ್ಣೆ ಉಳಿಸಬೇಕೆಂದರೆ 73 ಗ್ರಾಂ ಹಾಕುತ್ತೇವೆ.

ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಆದರೆ ಅಷ್ಟೊಂದು ಎಣ್ಣೆ ಉಳಿಸುವ ಗೊಡವೆ ಬೇಡ. ಬರೀ ತೆಂಗಿನೆಣ್ಣೆ, ಉಳಿಕೆ ಶೇಕಡಾ 1 ಅಥವಾ 2. ಬಹಳ ಒಳ್ಳೆಯ ಬಾರ್ ಸೋಪು.

ಗಾಣದ ಎಣ್ಣೆ ಒಳ್ಳೆಯದಾ, ಮಿಲ್ಲಿನದ್ದಾ, ಪ್ಯಾಕೆಟಿನದ್ದಾ?

ಸೋಪಿಗೆ ಮೂರೂ ಆಗುತ್ತದೆ. ಕಾಸ್ಟಿಕ್ ಬಿದ್ದ ಮೇಲೆ ಗಾಣದ ಎಣ್ಣೆಯ ಪರಿಮಳ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ದುಬಾರಿ ವರ್ಜಿನ್ ಎಣ್ಣೆಯನ್ನು ಸೋಪಿಗೆ ಸುರಿಯುವುದು ನನಗೆ ಮನಸ್ಸಿಗೆ ಬರುವುದಿಲ್ಲ, ಅದು ಊಟಕ್ಕೆ, ತಲೆಗೆ ಇರಲಿ.

ನೋಡಬೇಕಾದ್ದು ಬೇರೆ. ಕೊಬ್ಬರಿಗೆ ಬೂಸ್ಟು ಬರಬಾರದೆಂದು ಕೆಲವರು ಗಂಧಕದ ಹೊಗೆ ಹಾಕುತ್ತಾರೆ. ಆ ವಾಸನೆ ಎಣ್ಣೆಗೂ ಬರುತ್ತದೆ. ಮಿಲ್ಲಿನಲ್ಲಿ ಎಣ್ಣೆ ತಗೊಳ್ಳುವಾಗ ಅಂಗೈಗೆ ಎರಡು ಹನಿ ಹಾಕಿ, ಚೆನ್ನಾಗಿ ಉಜ್ಜಿ, ಬಿಸಿಯಾದ ಮೇಲೆ ಮೂಸಿ ನೋಡಿ. ಬಾಟಲಿಯ ಬಾಯಿಗೆ ಮೂಗಿಟ್ಟರೆ ಗೊತ್ತಾಗದ ಕಮಟು ಅಂಗೈಯಲ್ಲಿ ಗೊತ್ತಾಗುತ್ತದೆ. ಕಲಬೆರಕೆಯ ಅನುಮಾನ ಇದ್ದರೆ ಒಂದು ಸಣ್ಣ ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ. ಶುದ್ಧ ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಪೂರ್ತಿ ಬೆಳ್ಳಗೆ ಹೆಪ್ಪುಗಟ್ಟುವ ಬದಲು ಮೇಲೊಂದು ಪದರ ನೀರು ನೀರಾಗಿ ನಿಂತಿದ್ದರೆ ಅದರಲ್ಲಿ ಬೇರೆ ಏನೋ ಇದೆ. ಪ್ಯಾರಾಫಿನ್‌ನಂಥ ಖನಿಜ ಎಣ್ಣೆ ಇದ್ದರೆ ಅದು ಸೋಪೇ ಆಗುವುದಿಲ್ಲ. ನಿಮ್ಮ ಲೆಕ್ಕ ಪೂರ್ತಿ ತಪ್ಪುತ್ತದೆ, ಕಾಸ್ಟಿಕ್ ಮಿಗುತ್ತದೆ.

ತೆಂಗಿನೆಣ್ಣೆ ಜೊತೆಗೆ ಏನು ಸೇರಿಸಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಲ್ಲ ಇರುವುದು ಇಲ್ಲೇ.

ತೆಂಗಿನೆಣ್ಣೆ ನೊರೆ ಮತ್ತು ಗಟ್ಟಿತನ ಕೊಡುತ್ತದೆ. ಮೃದುತನಕ್ಕೆ ಇನ್ನೊಂದು ಎಣ್ಣೆ ಬೇಕು. ಬೇರೆ ದೇಶದವರ ಪಟ್ಟಿ ನೋಡಿದರೆ ಎಲ್ಲದರಲ್ಲೂ ಆಲಿವ್ ಎಣ್ಣೆ ಇರುತ್ತದೆ. ಅವರ ಊರಲ್ಲಿ ಅದು ಬೆಳೆಯುತ್ತದೆ, ಹಾಕುತ್ತಾರೆ. ನಾವು ಅಕ್ಕಿ ತೌಡಿನ ಎಣ್ಣೆ ಅಥವಾ ನೆಲಗಡಲೆ ಎಣ್ಣೆ ಹಾಕಿದರೆ ಏನೂ ಕಡಿಮೆ ಆಗುವುದಿಲ್ಲ. ಎಳ್ಳೆಣ್ಣೆಯೂ ಒಳ್ಳೆಯದೇ, ವಾಸನೆ ಮಾತ್ರ ಸ್ವಲ್ಪ ಉಳಿಯುತ್ತದೆ. ಸೂರ್ಯಕಾಂತಿ ಎಣ್ಣೆ ಬೇಡ ಅನ್ನುತ್ತೇನೆ. ಅದರಲ್ಲಿ ಲಿನೋಲಿಕ್ ಆಮ್ಲ ಜಾಸ್ತಿ, ನಮ್ಮ ಸೆಕೆಗೆ ಬಹಳ ಬೇಗ ಕಮಟುತ್ತದೆ. ಹಾಕಲೇಬೇಕೆಂದರೆ ಶೇಕಡಾ 10 ದಾಟಬೇಡಿ.

ಹರಳೆಣ್ಣೆ ಶೇಕಡಾ 5ರಿಂದ 10. ಇದು ನೊರೆ ಬೇಗ ಇಳಿದುಹೋಗದ ಹಾಗೆ ಹಿಡಿದಿಡುತ್ತದೆ. ಜಾಸ್ತಿ ಹಾಕಿದರೆ ಸೋಪು ಅಂಟಂಟು ಆಗುತ್ತದೆ.

ಇನ್ನು ನನಗೆ ಬಹಳ ಇಷ್ಟದ್ದು, ಪುನರ್ಪುಳಿ ಬೀಜದ ತುಪ್ಪ. ಉತ್ತರ ಕನ್ನಡದ ಕಡೆ ಮುರುಗಲು ತುಪ್ಪ ಅನ್ನುತ್ತಾರೆ. ಚಳಿಗೆ ಒಡೆದ ಹಿಮ್ಮಡಿಗೆ ಹಚ್ಚಲು ನಮ್ಮ ಅಜ್ಜಿಯಂದಿರು ಉಂಡೆ ಕಟ್ಟಿ ಇಟ್ಟುಕೊಳ್ಳುತ್ತಿದ್ದುದು ಇದನ್ನೇ. ಕೋಣೆಯ ಸೆಕೆಗೆ ಕರಗುವುದಿಲ್ಲ, ಕರಗಲು 38 ಡಿಗ್ರಿಯ ಆಸುಪಾಸು ಬೇಕು. ಶೇಕಡಾ 10 ಹಾಕಿದರೂ ಸೋಪಿನ ಗಟ್ಟಿತನದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಶಿಯಾ ಬೆಣ್ಣೆ, ಕೊಕೊ ಬೆಣ್ಣೆ ಎಂದು ದೂರದಿಂದ ತರಿಸುವ ಮೊದಲು ಇದನ್ನು ಹುಡುಕಿ. ಪುನರ್ಪುಳಿ ಶರಬತ್ತಿಗೆ ಸಿಪ್ಪೆ ತೆಗೆದ ಮೇಲೆ ಬೀಜವನ್ನು ಎಸೆಯುವ ಮನೆಗಳು ಎಷ್ಟಿವೆ ನೋಡಿ, ಬೇಸರ ಆಗುತ್ತದೆ.

ಲೆಕ್ಕ ಸಮೇತ ಒಂದು ಅಳತೆ ಕೊಡುತ್ತೇನೆ. ತೆಂಗಿನೆಣ್ಣೆ 250 ಗ್ರಾಂ, ತೌಡಿನ ಎಣ್ಣೆ 150 ಗ್ರಾಂ, ಪುನರ್ಪುಳಿ ತುಪ್ಪ 50 ಗ್ರಾಂ, ಹರಳೆಣ್ಣೆ 50 ಗ್ರಾಂ. ಒಟ್ಟು 500. ಒಂದು ಗ್ರಾಂ ಎಣ್ಣೆ ಸೋಪಾಗಲು ಎಷ್ಟು ಕಾಸ್ಟಿಕ್ ಬೇಕು ಅನ್ನುವುದು ಪ್ರತಿ ಎಣ್ಣೆಗೂ ಬೇರೆ. ತೆಂಗಿಗೆ 0.183, ತೌಡಿಗೆ 0.133, ಪುನರ್ಪುಳಿಗೆ 0.135, ಹರಳಿಗೆ 0.128. ಗುಣಿಸಿ ಕೂಡಿದರೆ 78.85 ಗ್ರಾಂ ಬರುತ್ತದೆ. ಅದರಿಂದ ಶೇಕಡಾ 5 ಕಳೆದರೆ ಹತ್ತಿರ ಹತ್ತಿರ 75 ಗ್ರಾಂ. ನೀರು ಅದರ ಎರಡರಷ್ಟು, 150 ಗ್ರಾಂ. ನೀರನ್ನೂ ತೂಕ ಮಾಡಿಯೇ ಹಾಕಿ, ಲೋಟದ ಅಳತೆ ಬೇಡ.

ಮನೆಯಲ್ಲಿ ಇರುವ ಬೇರೆ ಎಣ್ಣೆಯನ್ನು ಅಷ್ಟೇ ಅಳತೆಗೆ ಹಾಕಿದರೆ ಆಗುವುದಿಲ್ವಾ?

ಖಂಡಿತ ಇಲ್ಲ. ಮೇಲಿನ ಅಳತೆಯಲ್ಲೇ ತೆಂಗಿನೆಣ್ಣೆ ಮುಗಿದಿದೆ ಎಂದು 250 ಗ್ರಾಂ ನೆಲಗಡಲೆ ಎಣ್ಣೆ ಹಾಕಿದಿರಿ ಅಂದುಕೊಳ್ಳಿ. ನೆಲಗಡಲೆಗೆ ಬೇಕಾದ್ದು 0.137 ಮಾತ್ರ. ಈಗ ಎಲ್ಲ ಎಣ್ಣೆ ಪೂರ್ತಿ ಸೋಪಾದರೂ 67 ಗ್ರಾಂ ಚಿಲ್ಲರೆ ಕಾಸ್ಟಿಕ್ ಸಾಕು. ನೀವು ಹಾಕಿದ್ದು 75. ಮಿಕ್ಕ ಏಳು ಗ್ರಾಂಗಿಂತ ಜಾಸ್ತಿ ಕಾಸ್ಟಿಕ್ ಸೋಪಿನ ಒಳಗೇ ಕೂತಿರುತ್ತದೆ, ಚರ್ಮ ಸುಡುತ್ತದೆ. ಎಷ್ಟು ದಿನ ಒಣಗಿಸಿದರೂ ಅದು ಹೋಗುವುದಿಲ್ಲ.

ಎಣ್ಣೆ ಬದಲಾದರೆ ಲೆಕ್ಕ ಹೊಸದಾಗಿ ಮಾಡಿ. ಇಂಟರ್‌ನೆಟ್‌ನಲ್ಲಿ ಸೋಪ್ ಕ್ಯಾಲ್ಕುಲೇಟರ್ ಉಚಿತವಾಗಿ ಸಿಗುತ್ತದೆ, ಆದರೆ ಒಂದೆರಡು ಸಲ ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಆಗ ಯಾರ ವಿಡಿಯೋದಲ್ಲಿ ಅಳತೆ ತಪ್ಪಿದೆ ಅನ್ನುವುದು ನಿಮಗೇ ತಿಳಿಯುತ್ತದೆ.

ಕಾಸ್ಟಿಕ್ ಸೋಡಾ ಹಾಕದೆ ಬಾರ್ ಸೋಪು ಮಾಡಲು ಆಗುತ್ತದಾ?

ಆಗುವುದಿಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೇರಿ ಸೋಪು ಮತ್ತು ಗ್ಲಿಸರಿನ್ ಆಗುತ್ತದೆ, ಸೋಪು ಅಂದರೆ ಅದೇ. ಲೆಕ್ಕ ಸರಿ ಇದ್ದರೆ ಕೊನೆಗೆ ಕಾಸ್ಟಿಕ್ ಒಂದು ಚೂರೂ ಉಳಿಯುವುದಿಲ್ಲ. "ಕಾಸ್ಟಿಕ್ ಇಲ್ಲದ ಸೋಪು" ಎಂದು ಯಾರಾದರೂ ಮಾರಿದರೆ, ಒಂದೋ ಯಾರೋ ಮೊದಲೇ ಕಾಸ್ಟಿಕ್ ಹಾಕಿ ಮಾಡಿದ ಸೋಪ್ ಬೇಸನ್ನು ಕರಗಿಸಿ ಅಚ್ಚಿಗೆ ಹಾಕಿರುತ್ತಾರೆ, ಇಲ್ಲ ಅದು ಡಿಟರ್ಜೆಂಟ್ ಬಾರ್.

ಅಡುಗೆ ಸೋಡಾ, ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಎರಡೂ ಇದರ ಬದಲಿಗೆ ಬರುವುದಿಲ್ಲ. ಹೆಸರಲ್ಲಿ ಸೋಡಾ ಇದೆ ಅಷ್ಟೆ.

ಕಾಸ್ಟಿಕ್ ತಗೊಳ್ಳುವಾಗ ಏನು ನೋಡಬೇಕು? ಎಚ್ಚರಿಕೆ ಏನು?

ಪ್ಯಾಕೆಟಿನ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಎಂದು ಬರೆದಿರಬೇಕು, ಶುದ್ಧತೆ ಶೇಕಡಾ 97ಕ್ಕಿಂತ ಮೇಲಿರಬೇಕು. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಕಟ್ಟಿಕೊಂಡ ಪೈಪು ಬಿಡಿಸಲು ಮಾರುವ ಪುಡಿ ಬೇಡ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರು, ಬೇರೆ ರಾಸಾಯನಿಕ ಸೇರಿರುತ್ತದೆ.

ಕರಾವಳಿಯವರಿಗೆ ಇದರಲ್ಲಿ ಒಂದು ದೊಡ್ಡ ತೊಂದರೆ ಇದೆ. ಕಾಸ್ಟಿಕ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಒಂದು ತಟ್ಟೆಯಲ್ಲಿ ನಾಲ್ಕು ಹರಳು ಹಾಕಿ ನೋಡುತ್ತಾ ಕೂತರೆ ಕಣ್ಣೆದುರೇ ಅಂಚು ಹೊಳೆಯಲು ಶುರುವಾಗುತ್ತದೆ, ಆಮೇಲೆ ಒಂದಕ್ಕೊಂದು ಅಂಟುತ್ತದೆ, ಸ್ವಲ್ಪ ಹೊತ್ತಿಗೆ ಸುತ್ತ ನೀರಾಡುತ್ತದೆ. ಹಾಗೆ ತೇವ ಕುಡಿದದ್ದನ್ನು 75 ಗ್ರಾಂ ತೂಗಿದರೆ ನಿಜವಾದ ಕಾಸ್ಟಿಕ್ ಅಷ್ಟು ಇರುವುದಿಲ್ಲ. ಆದ್ದರಿಂದ ಸಣ್ಣ ಸಣ್ಣ ಪ್ಯಾಕೆಟ್ ತಗೊಳ್ಳಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಗಂಟು ಕಟ್ಟಿದ ಹಳೆಯದನ್ನು ಸ್ನಾನದ ಸೋಪಿಗೆ ಬಳಸಬೇಡಿ.

ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಹೊಯ್ಯಬಾರದು, ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಬೆರೆಸುತ್ತಿದ್ದ ಹಾಗೆ 80 ಡಿಗ್ರಿ ದಾಟಿ ಬಿಸಿಯಾಗುತ್ತದೆ, ಆವಿ ಬರುತ್ತದೆ. ಹಿಂದಿನ ಜಗಲಿಯಲ್ಲೋ ಕಿಟಕಿ ಬಾಗಿಲು ತೆರೆದ ಜಾಗದಲ್ಲೋ ಮಾಡಿ. ಕನ್ನಡಕ, ಕೈಗವಸು, ತುಂಬುತೋಳಿನ ಬಟ್ಟೆ ಬೇಕೇ ಬೇಕು. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಇರಬಾರದು. ಮೈಮೇಲೆ ಬಿದ್ದರೆ ವಿನೆಗರ್ ಹುಡುಕಬೇಡಿ, ನಲ್ಲಿ ನೀರಲ್ಲಿ ಸುಮಾರು ಹೊತ್ತು ತೊಳೆಯುತ್ತಲೇ ಇರಿ. ಕಣ್ಣಿಗೆ ಬಿದ್ದರೆ ಹಾಗೇ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಯಾವ ಪಾತ್ರೆ?

ಸ್ಟೀಲ್, ಇಲ್ಲವೇ ಅಡಿಯಲ್ಲಿ 5 ಎಂದು ಗುರುತಿರುವ ದಪ್ಪ ಪ್ಲಾಸ್ಟಿಕ್. ಅಲ್ಯೂಮಿನಿಯಂ ಮುಟ್ಟಲೇಬೇಡಿ, ಕಾಸ್ಟಿಕ್ ಅದನ್ನು ತಿನ್ನುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುತ್ತದೆ. ಸೋಪಿನ ಪಾತ್ರೆಯನ್ನು ಅಡುಗೆಗೆ ವಾಪಸ್ ತರಬೇಡಿ. ಅಚ್ಚಿಗೆ ಸಿಲಿಕೋನ್ ಒಳ್ಳೆಯದು. ಹಾಲಿನ ಟೆಟ್ರಾ ಪ್ಯಾಕ್ ಬೇಡ, ಅದರ ಒಳಪದರದಲ್ಲಿ ಅಲ್ಯೂಮಿನಿಯಂ ಇರಬಹುದು. ಸಿಲಿಕೋನ್ ಇಲ್ಲದಿದ್ದರೆ ಮರದ ಪೆಟ್ಟಿಗೆಗೆ ಬಟರ್ ಪೇಪರ್ ಹಾಸಿದರೆ ಸಾಕು.

ಹಿಂದಿನವರು ಬೂದಿ ನೀರಲ್ಲಿ ಮಾಡುತ್ತಿದ್ದರಂತೆ. ಅದನ್ನೇ ಮಾಡಬಹುದಲ್ವಾ?

ಸೌದೆಯ ಬೂದಿಯನ್ನು ನೀರಲ್ಲಿ ನೆನೆಸಿ ಸೋಸಿದರೆ ಪೊಟ್ಯಾಸಿಯಂನ ಕ್ಷಾರ ಸಿಗುತ್ತದೆ. ಅದರಿಂದ ಬರುವುದು ಮೆತ್ತನೆಯ, ಲೇಹ್ಯದ ಹಾಗಿನ ಸೋಪು, ಬಾರ್ ಅಲ್ಲ. ಯಾವ ಮರದ ಬೂದಿ, ಎಷ್ಟು ನೀರು ಅನ್ನುವುದರ ಮೇಲೆ ಖಾರ ಬದಲಾಗುತ್ತದೆ, ತೂಕದ ಲೆಕ್ಕ ಸಿಗುವುದಿಲ್ಲ. ಪಾತ್ರೆ ತಿಕ್ಕಲು ಮಾಡಿ ನೋಡಿ, ಮೈಗೆ ಬೇಡ.

ಬಾವಿ ನೀರು ಆಗುತ್ತದಾ?

ಕುಡಿಯಲು ಚೆನ್ನಾಗಿರುವ ಬಾವಿ ನೀರೂ ಸೋಪಿಗೆ ಕೈಕೊಡಬಹುದು. ನಮ್ಮದು ಮುರಕಲ್ಲಿನ ನೆಲ, ನೀರಲ್ಲಿ ಕಬ್ಬಿಣ ಇರುವ ಬಾವಿಗಳು ಬೇಕಾದಷ್ಟಿವೆ. ಕೊಡಪಾನದ ಒಳಗೆ ಕೆಂಪು ಕಲೆ ಕಟ್ಟುತ್ತದಲ್ಲ, ಅದೇ ಗುರುತು. ಕಬ್ಬಿಣ ಎಣ್ಣೆಯನ್ನು ಬೇಗ ಕಮಟಿಸುತ್ತದೆ. ಕಡಲ ಬದಿಯ ಬಾವಿಯಾದರೆ ಉಪ್ಪಿನ ತೊಂದರೆ. ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಗೊಳ್ಳಿ, 500 ಗ್ರಾಂ ಎಣ್ಣೆಗೆ ಬೇಕಾಗುವುದು 150 ಗ್ರಾಂ ನೀರು ಮಾತ್ರ, ಹಾಗಾಗಿ ಖರ್ಚು ಏನೂ ಅಲ್ಲ.

ನೀರಿನ ಬದಲು ಗಂಜಿ ತಿಳಿ, ತೆಂಗಿನ ಹಾಲು, ಎಳನೀರು?

ಹಾಕಬಹುದು. ಇವುಗಳಲ್ಲಿರುವ ಸಕ್ಕರೆ ನೊರೆಗೆ ಒಳ್ಳೆಯದು. ಆದರೆ ಅದೇ ಸಕ್ಕರೆ ಕಾಸ್ಟಿಕ್ ಬಿಸಿಗೆ ಕರಟಿ ಕಂದಾಗುತ್ತದೆ, ಹಾಲು ಒಡೆಯುತ್ತದೆ. ಮಂಜುಗಡ್ಡೆ ಮಾಡಿ, ಅದರ ಮೇಲೆ ಕಾಸ್ಟಿಕ್ಕನ್ನು ಚೂರು ಚೂರೇ ಉದುರಿಸುತ್ತಾ ಕಲಕಬೇಕು. ಇನ್ನೂ ಸುಲಭದ ದಾರಿ ಅಂದರೆ ಅರ್ಧ ನೀರಲ್ಲಿ ಕಾಸ್ಟಿಕ್ ಕರಗಿಸಿ, ಉಳಿದರ್ಧ ಹಾಲನ್ನು ಎಣ್ಣೆಗೆ ಸೇರಿಸುವುದು. ಕುಚ್ಚಲಕ್ಕಿ ಗಂಜಿ ತಿಳಿಯಾದರೆ ಉಪ್ಪು ಹಾಕುವ ಮೊದಲೇ ತೆಗೆದು, ತಣಿಸಿ, ಅದೇ ದಿನ ಬಳಸಿ. ಬೆಳ್ಳನೆಯ ಸೋಪು ಬೇಕೆಂದರೆ ಇದ್ಯಾವುದೂ ಬೇಡ.

ಬಣ್ಣಕ್ಕೆ ಅರಿಶಿನ, ಬೀಟ್‌ರೂಟ್, ದಾಸವಾಳ ಹಾಕಿದ್ದೆ, ಎಲ್ಲ ಬೇರೆ ಬಣ್ಣ ಆಯಿತು. ಯಾಕೆ?

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನೀವು ನೋಡಿಯೇ ಇರುತ್ತೀರಿ, ಆರತಿಯ ಓಕುಳಿ ಆಗುವುದೇ ಹಾಗೆ. ಕಾಸ್ಟಿಕ್ ಸುಣ್ಣಕ್ಕಿಂತ ಖಾರ. ಹಾಗಾಗಿ ಅರಿಶಿನ ಮೊದಲು ಇಟ್ಟಿಗೆ ಕೆಂಪಿಗೆ ತಿರುಗಿ, ಸೋಪು ಹದಕ್ಕೆ ಬಂದ ಮೇಲೆ ಕಿತ್ತಳೆಯೋ ಸಾಸಿವೆ ಬಣ್ಣವೋ ಆಗಿ ನಿಲ್ಲುತ್ತದೆ. ಬಿಸಿಲು ಬಿದ್ದರೆ ಮಾಸುತ್ತದೆ. 500 ಗ್ರಾಂ ಎಣ್ಣೆಗೆ ಅರ್ಧ ಚಮಚ ಸಾಕು, ಜಾಸ್ತಿಯಾದರೆ ಬೈರಾಸಿಗೆ ಬಣ್ಣ ಹತ್ತುತ್ತದೆ.

ಬೀಟ್‌ರೂಟ್, ದಾಸವಾಳ, ಗುಲಾಬಿ ಎಸಳು ಎಲ್ಲ ಕಂದಾಗುತ್ತವೆ. ಚಿತ್ರಗಳಲ್ಲಿ ಸೋಪಿನ ಮೇಲೆ ಕೆಂಪು ಎಸಳು ಕಾಣುವುದು ಕಡೆಯಲ್ಲಿ ಅಂಟಿಸಿದ್ದು, ಬಚ್ಚಲುಮನೆಯಲ್ಲಿ ಎರಡು ದಿನಕ್ಕೆ ಕಪ್ಪಾಗಿ ಕೊಳೆಯುತ್ತದೆ. ನಿಲ್ಲುವ ಬಣ್ಣ ಬೇಕೆಂದರೆ ತೆಂಗಿನ ಗೆರಟೆಯ ಇದ್ದಿಲನ್ನು ನುಣ್ಣಗೆ ಪುಡಿಮಾಡಿ ಹಾಕಿ, ಬೂದು ಬಣ್ಣದಿಂದ ಕಡು ಕಪ್ಪಿನವರೆಗೆ ಬರುತ್ತದೆ. ಕಾಸ್ಮೆಟಿಕ್ ದರ್ಜೆಯ ಜೇಡಿಮಣ್ಣೂ ಒಳ್ಳೆಯದು. ಅಂಗಳದ ಕೆಂಪು ಮಣ್ಣನ್ನು ಜರಡಿ ಹಿಡಿದು ಹಾಕಬೇಡಿ, ಅದರಲ್ಲಿ ಕ್ರಿಮಿ ಇರುತ್ತದೆ, ಕಬ್ಬಿಣವೂ ಇರುತ್ತದೆ.

ಶಂಕರಪುರ ಮಲ್ಲಿಗೆಯ ಪರಿಮಳ ಸೋಪಿಗೆ ಬರಿಸುವುದು ಹೇಗೆ?

ಈ ಪ್ರಶ್ನೆ ಕೇಳದವರಿಲ್ಲ. ಉತ್ತರ ಹೇಳಲು ಬೇಸರ, ಆದರೂ ಹೇಳುತ್ತೇನೆ. ಮನೆಯಲ್ಲಿ ಆಗುವುದಿಲ್ಲ. ಹೂವನ್ನು ಎಣ್ಣೆಯಲ್ಲಿ ನೆನೆಸಿಟ್ಟರೆ ಎಣ್ಣೆಗೆ ಸ್ವಲ್ಪ ಪರಿಮಳ ಬರುತ್ತದೆ ನಿಜ, ಕಾಸ್ಟಿಕ್ ಸೇರಿದ ಕೂಡಲೇ ಅದು ಹೋಗುತ್ತದೆ. ಹೂವಿನಿಂದ ತೆಗೆದ ನಿಜವಾದ ಮಲ್ಲಿಗೆಯ ಸಾರಕ್ಕೆ ಬಹಳ ದುಡ್ಡು. ಸೋಪಿಗೆಂದೇ ತಯಾರಾದ, ಚರ್ಮಕ್ಕೆ ಸುರಕ್ಷಿತ ಅನ್ನುವ ದಾಖಲೆ ಇರುವ ಮಲ್ಲಿಗೆ ಸುಗಂಧದ ಎಣ್ಣೆ ತಗೊಂಡು, ಅದನ್ನು ಅದೇ ಹೆಸರಲ್ಲಿ ಕರೆಯಿರಿ. ಇದೇ ಹೂವಿಗೆ ಉಡುಪಿ ಮಲ್ಲಿಗೆ ಎಂಬ ಹೆಸರಲ್ಲಿ ಭೌಗೋಳಿಕ ಗುರುತು (ಜಿಐ) ಇದೆ. ಕೃತಕ ಪರಿಮಳಕ್ಕೆ ಆ ಹೆಸರು ಇಡುವುದು ಹೂ ಬೆಳೆಯುವವರಿಗೆ ಮಾಡುವ ಅನ್ಯಾಯ.

ಗಂಧದೆಣ್ಣೆ ಹಾಕಬಹುದಾ?

ನಿಜವಾದ ಶ್ರೀಗಂಧದ ಎಣ್ಣೆ ಸೋಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಮೈಸೂರು ಸ್ಯಾಂಡಲ್ ಸೋಪು ನೂರು ವರ್ಷದಿಂದ ಅದೇ ಪರಿಮಳದ ಮೇಲೆ ನಿಂತಿದೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಆದರೆ ಕಡಿಮೆ ರೇಟಿಗೆ ಸಿಗುವ "ಶುದ್ಧ ಗಂಧದೆಣ್ಣೆ" ಗಂಧದೆಣ್ಣೆ ಅಲ್ಲ, ಅಷ್ಟು ತಿಳಿದಿರಲಿ. ಮನೆಯಲ್ಲಿ ತೇಯ್ದ ಗಂಧವನ್ನು ಹಾಕಿದರೆ ಬಣ್ಣ ಬರುತ್ತದೆ, ಪರಿಮಳ ಗೊತ್ತೇ ಆಗುವುದಿಲ್ಲ. ದೇವರಿಗೆ ತೇಯುವ ಕೊರಡನ್ನು ಸುಮ್ನೆ ಸವೆಸಬೇಡಿ.

ಮತ್ತೆ ಯಾವ ಪರಿಮಳ ನಿಲ್ಲುತ್ತದೆ?

ಮಜ್ಜಿಗೆ ಹುಲ್ಲಿನ ಎಣ್ಣೆ, ಲಾವಂಚದ ಎಣ್ಣೆ, ಪಚೋಲಿ. ಲಾವಂಚ ನನ್ನ ಆಯ್ಕೆ. ಅದರ ಪರಿಮಳ ತಿಂಗಳುಗಟ್ಟಲೆ ಇರುತ್ತದೆ, ಜೊತೆಗೆ ಹಾಕಿದ ಬೇರೆ ಪರಿಮಳವನ್ನೂ ಹಿಡಿದಿಡುತ್ತದೆ. ಕಿತ್ತಳೆ, ಲಿಂಬೆಯ ಎಣ್ಣೆಗಳು ಬೇಗ ಹಾರಿಹೋಗುತ್ತವೆ. ಲವಂಗ, ದಾಲ್ಚಿನ್ನಿ ಎಣ್ಣೆ ಹಾಕಿದರೆ ಸೋಪಿನ ಮಿಶ್ರಣ ಪಾತ್ರೆಯಲ್ಲೇ ದಿಢೀರನೆ ಗಟ್ಟಿಯಾಗುತ್ತದೆ, ಚರ್ಮಕ್ಕೂ ಉರಿ. ಎಲ್ಲ ಸೇರಿ ಎಣ್ಣೆಯ ತೂಕದ ಶೇಕಡಾ 3 ದಾಟಬಾರದು, ಅಂದರೆ 500 ಗ್ರಾಂಗೆ 15 ಗ್ರಾಂ. ಕೆಲವು ಎಣ್ಣೆಗೆ ಮಿತಿ ಇನ್ನೂ ಕಡಿಮೆ ಇರುತ್ತದೆ, ತಗೊಳ್ಳುವಾಗ ಕೇಳಿ. ಮಿಶ್ರಣ ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಕೊನೆಗೆ ಹಾಕಿ. ಮಕ್ಕಳ ಸೋಪಿಗೆ ಪರಿಮಳವೇ ಬೇಡ.

ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ, ಅಂಟುವಾಳ?

ಸೀಗೆ, ಅಂಟುವಾಳದ ನೊರೆ ಬೇರೆ ರೀತಿಯದ್ದು, ಅದರಲ್ಲಿ ಸ್ಯಾಪೊನಿನ್ ಅನ್ನುವ ವಸ್ತು ಇದೆ. ಅವು ತಾವಾಗಿಯೇ ಕೊಳೆ ತೆಗೆಯುತ್ತವೆ, ಸೋಪಿನೊಳಗೆ ಸೇರಿಸಿ ಏನು ಸಿಗುತ್ತದೆ? ಹಾಗೇ ಬಳಸಿ. ಹಿಟ್ಟುಗಳನ್ನು 500 ಗ್ರಾಂ ಎಣ್ಣೆಗೆ ಒಂದು ಚಮಚದವರೆಗೆ ಹಾಕಬಹುದು, ಸ್ವಲ್ಪ ಉಜ್ಜಿದ ಹಾಗೆ ಅನ್ನಿಸುತ್ತದೆ. ಜಾಸ್ತಿ ಹಾಕಿದರೆ ನಮ್ಮ ಮಳೆಗಾಲಕ್ಕೆ ಬೂಸ್ಟು ಬರಬಹುದು. ಹಸಿ ಲೋಳೆಸರ, ಹಣ್ಣಿನ ತಿರುಳು, ತುರಿದ ಸೌತೆಕಾಯಿ ಇದಕ್ಕೂ ಇದೇ ಮಾತು.

ಗೋಳಿಬಜೆ ಕರಿದ ಎಣ್ಣೆ ಉಳಿದಿದೆ. ಸೋಪು ಆಗುತ್ತದಾ?

ಬಟ್ಟೆ, ನೆಲ, ಪಾತ್ರೆಗೆ ಆಗುತ್ತದೆ. ಚರಂಡಿಗೆ ಸುರಿಯುವುದಕ್ಕಿಂತ ಎಷ್ಟೋ ಮೇಲು. ದಪ್ಪ ಬಟ್ಟೆಯಲ್ಲಿ ಎರಡು ಸಲ ಸೋಸಿ, ಸಮಪಾಲು ನೀರು ಹಾಕಿ ಕುದಿಸಿ, ತಣಿದ ಮೇಲೆ ಮೇಲಿನ ಎಣ್ಣೆ ಮಾತ್ರ ತೆಗೆಯಿರಿ. ಉಪ್ಪು, ಹಿಟ್ಟಿನ ಚೂರು ಕೆಳಗೆ ನೀರಲ್ಲಿ ಉಳಿಯುತ್ತದೆ. ಎಣ್ಣೆಯಲ್ಲಿ ಒಂದು ಹನಿ ನೀರೂ ಇಲ್ಲದ ಹಾಗೆ ಮಾಡಿ ತೂಗಿ. ಅರ್ಧದಷ್ಟು ಹೊಸ ತೆಂಗಿನೆಣ್ಣೆ ಸೇರಿಸಿದರೆ ಬಾರ್ ಗಟ್ಟಿಯಾಗುತ್ತದೆ. ಮೀನು ಕರಿದ ಎಣ್ಣೆಯ ವಾಸನೆ ಮಾತ್ರ ಏನು ಮಾಡಿದರೂ ಹೋಗುವುದಿಲ್ಲ. ಮೈಗೆ ಹಚ್ಚುವ ಸೋಪಿಗೆ ಕರಿದ ಎಣ್ಣೆ ಬೇಡ.

ಬೇವು, ಹೊಂಗೆ, ಹೊನ್ನೆ, ಗೇರು, ಮೀನೆಣ್ಣೆ ಇವೆಲ್ಲ?

ಕಹಿಬೇವಿನ ಎಣ್ಣೆ ಶೇಕಡಾ 5ರಿಂದ 10, ಅದಕ್ಕಿಂತ ಮೇಲೆ ವಾಸನೆ ತಡೆಯಲು ಕಷ್ಟ. ಹೊಂಗೆ ಬಟ್ಟೆ ಸೋಪಿಗೆ ಸರಿ. ಹಿಂದೆ ದೀಪಕ್ಕೆ ಉರಿಸುತ್ತಿದ್ದ ಹೊನ್ನೆ ಎಣ್ಣೆ ಕಡು ಹಸಿರು, ಘಾಟು, ಸ್ವಲ್ಪವೇ ಸೇರಿಸಿದರೆ ಆಗುತ್ತದೆ. ಮೀನೆಣ್ಣೆ ವಾರಗಳಲ್ಲೇ ಕಮಟುತ್ತದೆ, ಬೇಡ.

ಗೇರುಬೀಜದ ಸಿಪ್ಪೆಯ ಎಣ್ಣೆ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ: ಮುಟ್ಟಬೇಡಿ. ನಮ್ಮಲ್ಲಿ ಗೇರು ಕಾರ್ಖಾನೆಗಳು ಇರುವುದರಿಂದ ಅಗ್ಗಕ್ಕೆ ಸಿಗುತ್ತದೆ ಎಂದು ಕೇಳುವವರು ಇದ್ದಾರೆ. ಹಸಿ ಗೇರುಬೀಜ ಸುಲಿದವರ ಬೆರಳು ನೋಡಿದ್ದೀರಲ್ಲ, ಚರ್ಮ ಸುಟ್ಟು ಎದ್ದಿರುತ್ತದೆ. ಅದು ಈ ಎಣ್ಣೆಯಿಂದಲೇ. ಮರಕ್ಕೆ, ದೋಣಿಗೆ ಬಳಿಯುವ ವಸ್ತು ಅದು. ನಾವು ಸೋಪು ಮಾಡುವ ಎಣ್ಣೆಗಳ ಜಾತಿಗೇ ಸೇರಿದ್ದಲ್ಲ.

ಮಳೆಗಾಲದಲ್ಲಿ ಸೋಪು ಬೆವರುತ್ತದೆ. ಹಾಳಾಯಿತಾ?

ಹಾಳಾಗಿಲ್ಲ. ಮನೆ ಸೋಪಿನಲ್ಲಿ ಗ್ಲಿಸರಿನ್ ಪೂರ್ತಿ ಒಳಗೇ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದು ಮೇಲೆ ಹನಿ ಕೂರಿಸುತ್ತದೆ. ಒರೆಸಿ, ಗಾಳಿ ಆಡುವಲ್ಲಿಡಿ. ಉಪ್ಪು ಹಾಕಿದ ಸೋಪು ಇನ್ನೂ ಜಾಸ್ತಿ ಬೆವರುತ್ತದೆ, ಆದ್ದರಿಂದ ಕರಾವಳಿಯಲ್ಲಿ ಉಪ್ಪಿನ ಸೋಪಿನ ಆಸೆ ಬೇಸಿಗೆಗೆ ಇಟ್ಟುಕೊಳ್ಳಿ.

ಒಣಗಿಸಲು ನಾಲ್ಕರಿಂದ ಆರು ವಾರ ಬೇಕು ಅನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎಂಟು ವಾರವಾದರೂ ಬಿಡಿ. ವಾರಕ್ಕೊಮ್ಮೆ ಒಂದು ಸೋಪನ್ನು ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತ ಮೇಲೆ ಅದು ತಯಾರು. ನನ್ನ ಕೇಳಿದರೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ, ಆಗ ಮಾಡಿಟ್ಟುಕೊಂಡರೆ ಆಟಿ ತಿಂಗಳಿಗೆ ಚಿಂತೆ ಇಲ್ಲ.

ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಬಂದಿದೆ, ಏನದು?

ಕಮಟಿದ ಎಣ್ಣೆ. ಮೊದಲು ಸಾಸಿವೆ ಕಾಳಿನಷ್ಟು ಇರುತ್ತದೆ, ಮುಟ್ಟಿದರೆ ಸ್ವಲ್ಪ ಜಿಗುಟು, ಹತ್ತಿರ ಹಿಡಿದರೆ ಹಳೆ ಎಣ್ಣೆ ಡಬ್ಬಿಯ ವಾಸನೆ. ಆಮೇಲೆ ಹರಡುತ್ತದೆ. ಕಾರಣ ಹಳೆ ಎಣ್ಣೆ, ಕಬ್ಬಿಣದ ನೀರು, ಬೇಗ ಕಮಟುವ ಎಣ್ಣೆಗಳ ಪಾಲು ಜಾಸ್ತಿ ಆಗಿದ್ದು, ತುಕ್ಕು ಹಿಡಿದ ಜಾಲರಿ ಮೇಲೆ ಒಣಗಿಸಿದ್ದು, ಇವುಗಳಲ್ಲಿ ಯಾವುದೋ ಒಂದು. ಒಂದೆರಡು ಚುಕ್ಕೆ ಇದ್ದರೆ ಕೆತ್ತಿ ತೆಗೆದು ಬಟ್ಟೆಗೆ ಬಳಸಿ. ತಡೆಯಲು ಸಿಟ್ರಿಕ್ ಆಸಿಡ್ ಹಾಕುವವರಿದ್ದಾರೆ, 500 ಗ್ರಾಂ ಎಣ್ಣೆಗೆ 5 ಗ್ರಾಂ. ಅದು ಕಾಸ್ಟಿಕ್ಕನ್ನು ತಿನ್ನುತ್ತದೆ, ಪ್ರತಿ ಗ್ರಾಂಗೆ 0.6 ಗ್ರಾಂ ಲೆಕ್ಕದಲ್ಲಿ 3 ಗ್ರಾಂ ಕಾಸ್ಟಿಕ್ ಜಾಸ್ತಿ ಹಾಕಬೇಕು.

ಸೋಪು ತಯಾರಾಗಿದೆ ಎಂದು ಪರೀಕ್ಷೆ ಮಾಡುವುದು ಹೇಗೆ?

ಒದ್ದೆ ಸೋಪಿನ ಮೇಲೆ ಫಿನಾಲ್ಫ್ತಲೀನ್ (ಕ್ಷಾರ ಇದ್ದರೆ ಗುಲಾಬಿಯಾಗುವ ಲ್ಯಾಬಿನ ದ್ರವ) ಒಂದು ಹನಿ ಹಾಕಿ. ಕಡು ಗುಲಾಬಿ ಆದರೆ ಕಾಸ್ಟಿಕ್ ಮಿಕ್ಕಿರಬಹುದು, ಬಳಸಬೇಡಿ. ಬಣ್ಣ ಇಲ್ಲದಿದ್ದರೆ, ತೀರಾ ತೆಳು ಗುಲಾಬಿ ಇದ್ದರೆ ಸರಿ. ಆಮ್ಲ, ಕ್ಷಾರ ಅಳೆಯುವ ಪಿಎಚ್ ಕಾಗದದ ಪಟ್ಟಿಯಲ್ಲಿ ಒಳ್ಳೆಯ ಸೋಪು 9ರಿಂದ 10 ತೋರಿಸುತ್ತದೆ. 7 ಬರಬೇಕೆಂದು ಲಿಂಬೆರಸ ಸುರಿಯಬೇಡಿ, 7ರಲ್ಲಿ ಸೋಪು ಸೋಪಾಗಿ ಉಳಿಯುವುದಿಲ್ಲ.

ಮಗುವಿಗೆ ಚರ್ಮದ ತೊಂದರೆ ಇದೆ, ಯಾವ ಸೋಪು ಮಾಡಲಿ?

ಚರ್ಮದ ಡಾಕ್ಟರನ್ನು ಕೇಳಿ. ಸೋಪು ಯಾವ ರೋಗವನ್ನೂ ಗುಣ ಮಾಡುವುದಿಲ್ಲ. ತೊಳೆದು ಹೋಗುವ ವಸ್ತುವಿನಲ್ಲಿ ಗ್ರಂಥಿಗೆ ಅಂಗಡಿಯ ಎಂಟು ಮೂಲಿಕೆ ಹಾಕಿದರೂ ಅಷ್ಟೇ. ಮೂಲಿಕೆ ಜಾಸ್ತಿಯಾದಷ್ಟೂ ಅಲರ್ಜಿಯ ದಾರಿಯೂ ಜಾಸ್ತಿ.

ಮಾಡಿದ್ದನ್ನು ಮಾರಬಹುದಾ?

ಮನೆಯವರಿಗೆ, ನೆಂಟರಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ಮಾರಾಟಕ್ಕೆಂದು ತಯಾರಿಸಬೇಕಾದರೆ ಕಾಸ್ಮೆಟಿಕ್ಸ್ ನಿಯಮಗಳು 2020ರ ಪ್ರಕಾರ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಪರವಾನಗಿ ಬೇಕು, ಅದಿಲ್ಲದೆ ಅಂಗಡಿಗೆ ಹಾಕಬೇಡಿ. ಕೊಡುವುದು ಯಾರಿಗೇ ಆಗಲಿ, ಒಳಗೆ ಏನೇನಿದೆ, ಯಾವ ತಾರೀಕಿಗೆ ಮಾಡಿದ್ದು ಎಂದು ಒಂದು ಚೀಟಿ ಬರೆದು ಸುತ್ತಿ. ನೆಲಗಡಲೆ ಎಣ್ಣೆ ಹಾಕಿದ್ದರೆ ಅದನ್ನು ಮೊದಲ ಸಾಲಲ್ಲೇ ಬರೆಯಿರಿ, ನೆಲಗಡಲೆ ಆಗದವರು ಮನೆಯಲ್ಲಿ ಯಾರಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ.